ಕಾರಿನೊಳಗಿನ ಗುಂಗುಡುವ ಸದ್ದು, ರಸ್ತೆಯ ಮೊರೆತ ತಗ್ಗಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಾರಿನೊಳಗೆ ಸದ್ದು ಜಾಸ್ತಿ ಅನ್ನಿಸಿದ ಕೂಡಲೇ ಹೆಚ್ಚಿನವರು ನಾಲ್ಕು ಬಾಗಿಲಿಗೂ ಡ್ಯಾಂಪಿಂಗ್ ಶೀಟ್, ಅಂದರೆ ತಗಡಿನ ಅದುರುವಿಕೆ ತಗ್ಗಿಸುವ ರಬ್ಬರ್ ಹಾಳೆ, ಹಾಕಿಸಿಬಿಡುತ್ತಾರೆ. ಬಾಗಿಲು ಮುಚ್ಚಿದಾಗ ಧಬ್ ಎಂದು ಗಟ್ಟಿಯಾದ ಸದ್ದು ಬರುತ್ತದೆ. ಸ್ಪೀಕರ್‌ನ ಬೇಸ್ ಕೂಡ ಸುಧಾರಿಸುತ್ತದೆ. ಆದರೆ ಹೈವೇಗೆ ಹೋದರೆ ಕಿವಿ ಒತ್ತಿದಂತೆ ಮಾಡುವ ಆ ಗುಂಯ್ ಎನ್ನುವ ಸದ್ದು ಹಾಗೇ ಉಳಿದಿರುತ್ತದೆ. ಶೀಟಿನಲ್ಲಿ ದೋಷವೇನೂ ಇರುವುದಿಲ್ಲ. ಆ ಸದ್ದು ಬಾಗಿಲಿನ ದಾರಿಯಲ್ಲಿ ಬರುತ್ತಲೇ ಇರಲಿಲ್ಲ, ಅಷ್ಟೆ.

ಅದಕ್ಕೇ ಈ ಬರಹದಲ್ಲಿ ಶೀಟಿನ ಮಾತು ಬರುವುದು ತಡವಾಗಿ. ಯಾವ ಸದ್ದು, ಎಲ್ಲಿ ಹುಟ್ಟುತ್ತಿದೆ, ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಅಷ್ಟು ಗೊತ್ತಾದರೆ ಎಷ್ಟೋ ಕಾರುಗಳಲ್ಲಿ ಶೀಟ್ ಇಲ್ಲದೆಯೇ ಕೆಲಸ ಮುಗಿಯುತ್ತದೆ.

ಗುಂಗುಡುವಿಕೆ ಬೇರೆ, ಮೊರೆತ ಬೇರೆ

ಗುಂಗುಡುವಿಕೆ ಎಂದರೆ ತುಂಬಾ ಕೆಳಗಿನ ಶ್ರುತಿಯ ಸದ್ದು. ಸುಮಾರು 20ರಿಂದ 200 ಹರ್ಟ್ಜ್ ಒಳಗಿನದು, ಅಂದರೆ ಸೆಕೆಂಡಿಗೆ ಅಷ್ಟು ಸಲ ಅದುರುವಂಥದು. ಇದನ್ನು ಕಿವಿ ಕೇಳುವುದಕ್ಕಿಂತ ಹೆಚ್ಚಾಗಿ ಮೈಗೆ ಒತ್ತಡದಂತೆ ತಟ್ಟುತ್ತದೆ. ಕಿವಿ ಕಟ್ಟಿದ ಹಾಗೆ, ತಲೆ ಭಾರವಾದ ಹಾಗೆ ಅನ್ನಿಸುವುದು ಇದರಿಂದಲೇ.

ಇದು ಹುಟ್ಟುವ ಬಗೆ ಹೀಗೆ. ಎಂಜಿನ್, ಸೈಲೆನ್ಸರ್ ಅಥವಾ ಚಕ್ರಗಳ ಅದುರುವಿಕೆ ಬಾಡಿಯ ಕಬ್ಬಿಣದ ಮೂಲಕ ಒಳಗೆ ಬರುತ್ತದೆ. ಚಾವಣಿ, ನೆಲ, ಹಿಂಬಾಗಿಲಿನಂಥ ದೊಡ್ಡ ತಗಡುಗಳು ಅದರ ಜೊತೆ ಅದುರುತ್ತವೆ. ಆ ತಗಡುಗಳು ಒಳಗಿನ ಗಾಳಿಯನ್ನು ಒತ್ತುತ್ತವೆ, ಎಳೆಯುತ್ತವೆ. ಕಾರಿನೊಳಗಿನ ಗಾಳಿಗೂ ಅದರದೇ ಆದ ಒಂದು ಶ್ರುತಿ ಇರುತ್ತದೆ. ಕ್ಯಾಬಿನ್ ಸುಮಾರು 2.5 ಮೀಟರ್ ಉದ್ದ ಎಂದುಕೊಳ್ಳಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 340ನ್ನು ಉದ್ದದ ಎರಡರಷ್ಟರಿಂದ, ಅಂದರೆ 5ರಿಂದ ಭಾಗಿಸಿದರೆ 68 ಹರ್ಟ್ಜ್ ಬರುತ್ತದೆ. ಹೊರಗಿನ ಅದುರುವಿಕೆ ಈ ಸಂಖ್ಯೆಯ ಹತ್ತಿರ ಬಂದಾಗ ಎರಡೂ ಸೇರಿಕೊಂಡು ಸದ್ದು ಒಮ್ಮೆಲೇ ಉಬ್ಬುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 2000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2000 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 67 ಸಲ. ಲೆಕ್ಕ ನೋಡಿ, ಕ್ಯಾಬಿನ್ನಿನ ಶ್ರುತಿಗೆ ಸರಿಯಾಗಿ ಕೂರುತ್ತದೆ. ಎಷ್ಟೋ ಕಾರುಗಳಲ್ಲಿ ಟಾಪ್ ಗೇರ್ ಹಾಕಿ ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗುಂ ಎನ್ನುವುದಕ್ಕೆ ಇದೂ ಒಂದು ಕಾರಣ. ಮೂರು ಸಿಲಿಂಡರ್ ಆದರೆ ಅದೇ 2000 ಆರ್‌ಪಿಎಂಗೆ 50 ಹರ್ಟ್ಜ್.

ರಸ್ತೆಯ ಮೊರೆತದ ಕಥೆ ಬೇರೆ. ಅದರಲ್ಲಿ ಎರಡು ಪಾಲು. ಒಂದು, ಟೈರಿನ ಅದುರುವಿಕೆ ಸಸ್ಪೆನ್ಷನ್ ಮೂಲಕ ಬಾಡಿಗೆ ಏರಿ ಬರುವ ಗಡಗಡ ಸದ್ದು. ಇನ್ನೊಂದು, ಟೈರಿನ ಪಟ್ಟಿಗಳು ರಸ್ತೆಗೆ ಬಡಿದು, ಸಂದುಗಳಲ್ಲಿ ಗಾಳಿ ಒತ್ತಿ ಹೊರಬಂದು ಗಾಳಿಯಲ್ಲೇ ಬರುವ ಸದ್ದು. ಈ ಎರಡನೆಯದು ಸುಮಾರು 1000 ಹರ್ಟ್ಜ್ ಆಸುಪಾಸಿನಲ್ಲಿ ಜೋರಾಗಿರುತ್ತದೆ.

ಇಲ್ಲೇ ಒಂದು ಮುಖ್ಯ ಮಾತು ಹೇಳಬೇಕು. 1000 ಹರ್ಟ್ಜ್ ಸದ್ದಿನ ಅಲೆ 34 ಸೆಂಟಿಮೀಟರ್ ಉದ್ದ. ಅದನ್ನು ಎರಡು ಮೂರು ಸೆಂಟಿಮೀಟರ್ ದಪ್ಪದ ಫೆಲ್ಟ್ (ನಾರಿನ ಹಾಸು) ಒಂದಿಷ್ಟು ಹೀರಬಲ್ಲದು. 60 ಹರ್ಟ್ಜ್ ಸದ್ದಿನ ಅಲೆ ಐದೂವರೆ ಮೀಟರಿಗಿಂತ ಉದ್ದ. ಅದರ ಮುಂದೆ ಆ ಫೆಲ್ಟು ಇದ್ದೂ ಇಲ್ಲದ ಹಾಗೆ. ಗುಂಗುಡುವ ಸದ್ದಿಗೆ ಫೋಮ್ ತುಂಬಿಸಿ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ. ಅದನ್ನು ಹುಟ್ಟುವಲ್ಲೇ ಅಥವಾ ಅದುರುವ ತಗಡಿನಲ್ಲೇ ಹಿಡಿಯಬೇಕು.

ಹಂತ 1: ಕೇಳಿ ಪತ್ತೆ ಮಾಡಿ

ಇದಕ್ಕೆ ಜೊತೆಗೊಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಕೇಳಬೇಕು, ಬರೆದುಕೊಳ್ಳಬೇಕು. ಟ್ರಾಫಿಕ್ ಇಲ್ಲದ, ನೇರವಾದ ರಸ್ತೆ ಆರಿಸಿಕೊಳ್ಳಿ. ಮ್ಯೂಸಿಕ್ ಬಂದ್, ಎಸಿ ಬಂದ್, ಕಿಟಕಿಗಳೆಲ್ಲ ಮೇಲೆ. ಡಿಕ್ಕಿಯಲ್ಲಿ, ಗ್ಲೋವ್ ಬಾಕ್ಸ್‌ನಲ್ಲಿ ಇರುವ ಸಾಮಾನು ಖಾಲಿ ಮಾಡಿ. ನೀರಿನ ಬಾಟಲಿ, ಚಿಲ್ಲರೆ ಕಾಸು, ಜ್ಯಾಕ್, ಎಲ್ಲವೂ ದಾರಿ ತಪ್ಪಿಸುತ್ತವೆ.

ಮೊದಲು ಕಾರು ನಿಲ್ಲಿಸಿಯೇ ನೋಡಿ. ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ವೇಗವನ್ನು ನಿಧಾನಕ್ಕೆ ಏರಿಸಿ. ಯಾವುದೋ ಒಂದು ಆರ್‌ಪಿಎಂಗೆ ಸದ್ದು ಉಬ್ಬಿ ಮತ್ತೆ ಇಳಿದರೆ ರಸ್ತೆಗೂ ಟೈರಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಬಾಡಿಗೆ ಕೂರಿಸುವ ರಬ್ಬರ್), ಸೈಲೆನ್ಸರ್, ಅದಕ್ಕೆ ಸ್ಪಂದಿಸುವ ತಗಡು, ಇಷ್ಟರಲ್ಲೇ ಹುಡುಕಬೇಕು.

ಈಗ ಓಡಿಸಿ. ಒಂದೇ ವೇಗದಲ್ಲಿ ಎರಡು ಬೇರೆ ಗೇರ್‌ಗಳಲ್ಲಿ ಹೋಗಿ. 60 ಕಿಲೋಮೀಟರ್ ವೇಗ ಇಟ್ಟುಕೊಂಡು ಒಮ್ಮೆ ಮೂರನೇ ಗೇರ್, ಒಮ್ಮೆ ಐದನೇ ಗೇರ್. ಆಟೋಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್ ಬಳಸಿ. ಗೇರ್ ಬದಲಾದಾಗ ಸದ್ದೂ ಬದಲಾದರೆ ಮೂಲ ಎಂಜಿನ್ ಕಡೆ. ಗೇರ್ ಯಾವುದಾದರೂ ಸದ್ದು ಅಷ್ಟೇ ಇದ್ದರೆ ಟೈರ್, ಬೇರಿಂಗ್ ಅಥವಾ ಗಾಳಿ. ಈ ಪರೀಕ್ಷೆಗೆಂದು ಓಡುವ ಕಾರಿನ ಇಗ್ನಿಷನ್ ಮಾತ್ರ ಯಾವತ್ತೂ ಆಫ್ ಮಾಡಬೇಡಿ. ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕಿನ ಸಹಾಯ ತಪ್ಪುತ್ತದೆ.

ರಸ್ತೆಯ ಮೇಲ್ಮೈ ಬದಲಾಗುವ ಜಾಗದಲ್ಲಿ ಕಿವಿಗೊಡಿ. ನುಣುಪಾದ ಹೊಸ ಡಾಂಬರಿನಿಂದ ಒರಟು ಕಾಂಕ್ರೀಟಿಗೆ ಬಂದಾಗ ಸದ್ದು ಥಟ್ಟನೆ ಏರಿದರೆ ಅದು ರಸ್ತೆಯ ಮೊರೆತವೇ. ಮೇಲ್ಮೈ ಬದಲಾದರೂ ಗುಂಯ್ ಎನ್ನುವುದು ನಿಲ್ಲದೆ, ವೇಗದ ಜೊತೆ ಮಾತ್ರ ಏರುತ್ತಾ ಹೋದರೆ ವೀಲ್ ಬೇರಿಂಗ್ ಮೇಲೆ ಸಂಶಯ ಇಡಿ. ಉದ್ದನೆಯ ತಿರುವಿನಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಎಡಗಡೆಯದು ಎಂದು ಮೊದಲ ಅಂದಾಜು ಮಾಡಬಹುದು.

ಇನ್ನೆರಡು ಪರೀಕ್ಷೆಗಳು ಗುಂಗುಡುವಿಕೆಗಾಗಿಯೇ ಇವೆ. ಜೊತೆಗಿರುವವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತು ತಲೆಯನ್ನು ನಿಧಾನಕ್ಕೆ ಮುಂದೆ ಬಾಗಿಸಲಿ. ಕ್ಯಾಬಿನ್ನಿನ ನಡುಭಾಗಕ್ಕೆ ತಲೆ ಬಂದಾಗ ಸದ್ದು ಚೆನ್ನಾಗಿ ಇಳಿದು, ಹಿಂದಕ್ಕೆ ಒರಗಿದಾಗ ಏರಿದರೆ ಅದು ಮೇಲೆ ಹೇಳಿದ ಗಾಳಿಯ ಶ್ರುತಿಯ ಆಟ. ಆಮೇಲೆ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ ನೋಡಿ. ಹೊರಗಿನ ಸದ್ದು ಒಳಬಂದರೂ ಕಿವಿಯ ಒತ್ತಡ ಹೋಗಿಬಿಟ್ಟರೆ, ಯಾವುದೋ ದೊಡ್ಡ ತಗಡು ಒಳಗಿನ ಗಾಳಿಯನ್ನು ಪಂಪ್ ಮಾಡುತ್ತಿದೆ ಎಂದು ಅರ್ಥ. ಹಿಂಬಾಗಿಲು ಎತ್ತಿ ತೆರೆಯುವ ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ಆ ಹಿಂಬಾಗಿಲೇ ಮೊದಲ ಸಂಶಯ.

ಮೊರೆತ ಡಿಕ್ಕಿಯ ಕಡೆಯಿಂದ ಬರುತ್ತಿದೆಯೇ ಎಂದು ನೋಡಲು ಹಳೇ ರಜಾಯಿ, ಕಂಬಳಿಗಳನ್ನು ಡಿಕ್ಕಿಯ ನೆಲದ ಮೇಲೂ ಎರಡು ಬದಿಯ ಚಕ್ರದ ಉಬ್ಬುಗಳ ಮೇಲೂ ದಪ್ಪಗೆ ಹಾಸಿ ಅದೇ ರಸ್ತೆಯಲ್ಲಿ ಹೋಗಿಬನ್ನಿ. ವ್ಯತ್ಯಾಸ ಕೇಳಿಸಿದರೆ ಡಿಕ್ಕಿಯಲ್ಲಿ ಕೆಲಸ ಮಾಡಿದ್ದು ವ್ಯರ್ಥವಾಗುವುದಿಲ್ಲ. ಏನೂ ಬದಲಾಗದಿದ್ದರೆ ಅಲ್ಲಿ ದುಡ್ಡು ಹಾಕಬೇಡಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಒಂದು ಕ್ಲಿಪ್ಪನ್ನೂ ಬಿಚ್ಚದೆ ಉತ್ತರ ಸಿಗುತ್ತದೆ.

ಮೊಬೈಲಿನ ಡೆಸಿಬೆಲ್ ಆಪ್ ಬಗ್ಗೆ ಒಂದು ಎಚ್ಚರಿಕೆ. ಆಪ್‌ಗಳು ಸಾಮಾನ್ಯವಾಗಿ ತೋರಿಸುವುದು ಎ ತೂಕದ ಡೆಸಿಬೆಲ್. ಅದು ಕೆಳಗಿನ ಸದ್ದನ್ನು ಬೇಕೆಂದೇ ಕಡಿಮೆ ಎಣಿಸುತ್ತದೆ. 63 ಹರ್ಟ್ಜ್ ಹತ್ತಿರ ಸುಮಾರು 26 ಡೆಸಿಬೆಲ್ ಕಳೆದುಬಿಡುತ್ತದೆ. ಹಾಗಾಗಿ ಕಿವಿ ಒಡೆಯುವಷ್ಟು ಗುಂಗುಡುತ್ತಿದ್ದರೂ ಆಪ್‌ನಲ್ಲಿ ಸಂಖ್ಯೆ ಸಾಧಾರಣವಾಗಿಯೇ ಕಾಣುತ್ತದೆ. ಕೆಳಗಿನ ಸದ್ದನ್ನು ಅಷ್ಟಾಗಿ ಕಳೆಯದ ಸಿ ತೂಕದ ಆಯ್ಕೆ ಇದ್ದರೆ ಅದನ್ನು ಇಟ್ಟುಕೊಳ್ಳಿ. ಸ್ಪೆಕ್ಟ್ರಂ ತೋರಿಸುವ ಆಪ್ ಆದರೆ ಇನ್ನೂ ಒಳ್ಳೆಯದು, ಯಾವ ಹರ್ಟ್ಜ್‌ನಲ್ಲಿ ಗುಡ್ಡ ಎದ್ದಿದೆ ಎಂದು ಕಾಣುತ್ತದೆ. ಮೊಬೈಲಿನ ಮೈಕ್ ಅಷ್ಟು ನಿಖರವಲ್ಲ. ಆದರೂ ಅದೇ ರಸ್ತೆ, ಅದೇ ವೇಗ, ಅದೇ ಟೈರ್ ಪ್ರೆಷರ್, ಮೊಬೈಲ್ ಇಟ್ಟ ಜಾಗವೂ ಅದೇ ಆಗಿದ್ದರೆ ಮೊದಲಿಗೂ ಆಮೇಲಿಗೂ ಹೋಲಿಸಲು ಸಾಕು.

ಹಂತ 2: ದುಡ್ಡಿಲ್ಲದೆ ಆಗುವ ಕೆಲಸಗಳು

ಟೈರ್ ಪ್ರೆಷರ್ ನೋಡಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲೋ ಇಂಧನ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿ ಎಷ್ಟಿರಬೇಕು ಎಂದು ಇರುತ್ತದೆ. ಟೈರ್ ತಣ್ಣಗಿರುವಾಗ ಅಷ್ಟು ಇಡಿ. ಜಾಸ್ತಿ ಗಾಳಿ ತುಂಬಿದರೆ ಟೈರ್ ಗಟ್ಟಿಯಾಗಿ ಪ್ರತಿ ಸಣ್ಣ ಕುಲುಕನ್ನೂ ಬಾಡಿಗೆ ದಾಟಿಸುತ್ತದೆ. ಹಾಗೆಂದು ಸದ್ದಿಗಾಗಿ ಚೀಟಿಯಲ್ಲಿ ಹೇಳಿದ್ದಕ್ಕಿಂತ ಇಳಿಸುವುದು ಬೇಡ. ಟೈರ್ ಬಿಸಿಯಾಗುತ್ತದೆ, ಅಂಚು ಸವೆಯುತ್ತದೆ, ಅಪಾಯ.

ಸ್ಟೆಪ್ನಿಯ ಬೋಲ್ಟ್ ಬಿಗಿ ಇದೆಯೇ ನೋಡಿ. ಜ್ಯಾಕ್, ಪಾನಾಗಳನ್ನು ಬಟ್ಟೆ ಸುತ್ತಿ ಇಡಿ. ರೂಫ್ ಮೇಲೆ ಕ್ಯಾರಿಯರ್ ಇದ್ದು ಬಳಸುತ್ತಿಲ್ಲವಾದರೆ ತೆಗೆದಿಡಿ. ಎಸಿಯನ್ನು ಒಳಗಾಳಿ ಸುತ್ತುವ ಮೋಡ್‌ಗೆ ಹಾಕಿದರೆ ಮುಂದಿನಿಂದ ಬರುವ ಸದ್ದು ಸ್ವಲ್ಪ ಇಳಿಯುತ್ತದೆ.

ಹೊಸ ಹಾರ್ನ್, ಫಾಗ್ ಲ್ಯಾಂಪ್, ಆಂಪ್ಲಿಫೈಯರ್ ಏನಾದರೂ ಹಾಕಿಸಿದ್ದೀರಾ? ಹಾಗಿದ್ದರೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ, ಪೆಡಲ್‌ಗಳ ಮೇಲಿನ ಗೋಡೆ ನೋಡಿ. ವೈರ್ ಎಳೆಯಲು ರಬ್ಬರ್ ಗ್ರೋಮೆಟ್ (ತೂತು ಮುಚ್ಚುವ ಬಿರಡೆ) ಕಿತ್ತು ತೂತನ್ನು ಹಾಗೇ ಬಿಟ್ಟಿರುವುದು ತುಂಬಾ ಸಾಮಾನ್ಯ. ಒಂದು ಗೋಡೆ ಎಷ್ಟೇ ಗಟ್ಟಿ ಇರಲಿ, ಅದರ ನೂರರಲ್ಲೊಂದು ಭಾಗ ತೆರೆದಿದ್ದರೆ ಅದು ತಡೆಯಬಲ್ಲ ಸದ್ದು 20 ಡೆಸಿಬೆಲ್ ದಾಟುವುದಿಲ್ಲ. ಸರಿಯಾದ ಅಳತೆಯ ಗ್ರೋಮೆಟ್ ಹಾಕಿ ಮುಚ್ಚಿ.

ಹಂತ 3: ಹಿಂಬಾಗಿಲು ಹಿಡಿದು ನಿಲ್ಲಿಸಿ

ಹ್ಯಾಚ್‌ಬ್ಯಾಕ್, ಎಸ್‌ಯುವಿ ಇರುವವರು ಇದನ್ನು ಬಿಡಬೇಡಿ. ಹಿಂಬಾಗಿಲು ದೊಡ್ಡ ತಗಡು, ಭಾರವೂ ಇದೆ, ಸುತ್ತ ಮೆತ್ತನೆಯ ರಬ್ಬರ್ ಬೀಡಿಂಗ್ ಮೇಲೆ ಕೂತಿರುತ್ತದೆ. ಒರಟು ರಸ್ತೆಯಲ್ಲಿ ಅದು ಒಳಗೆ ಹೊರಗೆ ಕೂದಲೆಳೆಯಷ್ಟು ಆಡಿದರೂ ಸಾಕು. ಅಷ್ಟು ಅಗಲದ ತಗಡು ಒಳಗಿನ ಗಾಳಿಯನ್ನೆಲ್ಲ ಒತ್ತಿಬಿಡುತ್ತದೆ.

ಹಿಂಬಾಗಿಲು ತೆರೆದು ಅದರ ಎರಡೂ ಬದಿ ನೋಡಿ. ಗಿಡ್ಡನೆಯ ರಬ್ಬರ್ ಗುಬುಟುಗಳು ಕಾಣುತ್ತವೆ. ಬಾಗಿಲು ಮುಚ್ಚಿದಾಗ ಬಾಡಿಗೆ ಒತ್ತಿ ನಿಂತು ಅದು ಅಲ್ಲಾಡದ ಹಾಗೆ ಹಿಡಿಯುವುದು ಇವುಗಳ ಕೆಲಸ. ವರ್ಷ ಕಳೆದಂತೆ ಇವು ಸವೆಯುತ್ತವೆ. ಹೊಸ ಕಾರಿನಲ್ಲೂ ಕೆಲವೊಮ್ಮೆ ಸರಿಯಾಗಿ ಕೂತಿರುವುದಿಲ್ಲ.

ಒಂದು ತೆಳು ಕಾಗದದ ಪಟ್ಟಿಯನ್ನು ಗುಬುಟು ಒತ್ತುವ ಜಾಗದಲ್ಲಿ ಇಟ್ಟು ಬಾಗಿಲು ಮುಚ್ಚಿ. ಕಾಗದ ಎಳೆದರೆ ಸಲೀಸಾಗಿ ಬಂದರೆ ಗುಬುಟು ಒತ್ತುತ್ತಿಲ್ಲ. ಈಗ ಗುಬುಟಿನ ತಲೆಗೆ ಇನ್ಸುಲೇಷನ್ ಟೇಪನ್ನು ಕೆಲವು ಪದರ ಅಂಟಿಸಿ, ಅದೇ ರಸ್ತೆಯಲ್ಲಿ ಓಡಿಸಿ. ಗುಂಗುಡುವಿಕೆ ಇಳಿದರೆ ಕಳ್ಳ ಸಿಕ್ಕ. ಆಮೇಲೆ ಟೇಪ್ ತೆಗೆದು ಗುಬುಟನ್ನು ಸರಿಹೊಂದಿಸಿ. ಹೆಚ್ಚಿನವು ಸ್ಕ್ರೂ ತರಹ ತಿರುಗುತ್ತವೆ. ಎರಡೂ ಬದಿ ಒಂದೇ ಸಮ, ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ ಹೊರಗೆ ತನ್ನಿ. ಕಾಗದ ಬಿಗಿಯಾಗಿ ಸಿಕ್ಕಿಕೊಳ್ಳಬೇಕು, ಬಾಗಿಲು ಮುಚ್ಚಲು ಮೊದಲಿಗಿಂತ ಸ್ವಲ್ಪ ಜಾಸ್ತಿ ಒತ್ತಬೇಕಾಗಬಹುದು. ತೀರಾ ಹೊರಗೆ ತಂದರೆ ಲಾಕ್ ಮೇಲೆ ಹೊರೆ ಬೀಳುತ್ತದೆ, ಬಾಗಿಲು ಸರಿಯಾಗಿ ಲಾಕ್ ಆಗದೆಯೂ ಇರಬಹುದು. ತಿರುಗದ ಬಗೆಯ ಗುಬುಟಾದರೆ ಹೊಸದನ್ನೇ ಹಾಕಿ.

ಇಷ್ಟಾದರೂ ಸದ್ದು ಉಳಿದರೆ ಹಿಂಬಾಗಿಲಿನ ಒಳ ಪ್ಯಾನೆಲ್ ಬಿಚ್ಚಿ, ತಗಡಿನ ಬಯಲು ಭಾಗಕ್ಕೆ ಡ್ಯಾಂಪಿಂಗ್ ಶೀಟ್ ಹಾಕಬಹುದು. ತುಂಬಾ ಭಾರ ಹಾಕಬೇಡಿ. ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕ್‌ಗಳು ಮೂಲ ತೂಕಕ್ಕೆ ಲೆಕ್ಕ ಹಾಕಿ ಮಾಡಿದವು. ಕೆಲವು ಕಾರುಗಳಲ್ಲಿ ಕಂಪನಿಯೇ ಹಿಂಬಾಗಿಲಿಗೋ ಸಬ್‌ಫ್ರೇಮಿಗೋ (ಸಸ್ಪೆನ್ಷನ್ ಹೊರುವ ಅಡಿಚೌಕಟ್ಟು) ರಬ್ಬರ್ ಮೇಲೆ ಕೂರಿಸಿದ ಒಂದು ಕಬ್ಬಿಣದ ತುಂಡು ಹಾಕಿರುತ್ತದೆ. ನೋಡಿದರೆ ಉಪಯೋಗವಿಲ್ಲದ ತೂಕ ಅನ್ನಿಸುತ್ತದೆ. ಅದು ಒಂದು ನಿರ್ದಿಷ್ಟ ಅದುರುವಿಕೆಯನ್ನು ತಿನ್ನಲೆಂದೇ ಇಟ್ಟ ಡ್ಯಾಂಪರ್. ರಿಪೇರಿ ಮಾಡುವಾಗ ಅದನ್ನು ವಾಪಸ್ ಹಾಕಿದ್ದಾರೆಯೇ ಎಂದು ನೋಡಿಕೊಳ್ಳಿ.

ಹಂತ 4: ಟೈರ್

ರಸ್ತೆಯ ಮೊರೆತದಲ್ಲಿ ಟೈರಿನಷ್ಟು ವ್ಯತ್ಯಾಸ ಮಾಡುವ ವಸ್ತು ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಕಾರಿನೊಳಗೆಲ್ಲ ಶೀಟ್ ಹಾಸಿ ಗಟ್ಟಿಯಾದ ಹಳೇ ಟೈರ್ ಇಟ್ಟುಕೊಂಡರೆ ಆ ಕೆಲಸದ ಫಲ ಅರ್ಧವೂ ಸಿಗುವುದಿಲ್ಲ.

ಮೊದಲು ಕೈಯಿಂದ ಮುಟ್ಟಿ ನೋಡಿ. ಟೈರಿನ ಮೇಲ್ಮೈ ಮೇಲೆ ಅಂಗೈಯನ್ನು ಒಂದು ದಿಕ್ಕಿಗೆ ಸವರಿ, ಆಮೇಲೆ ಎದುರು ದಿಕ್ಕಿಗೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ತಾಗಿದರೆ ಸವೆತ ಸಮವಾಗಿಲ್ಲ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೂ ಅಷ್ಟೇ. ಇಂಥ ಟೈರಿನ ಸದ್ದು ಬೇರಿಂಗ್ ಸದ್ದಿನ ಹಾಗೇ ಇರುತ್ತದೆ. ಎಷ್ಟೋ ಸಲ ಸುಮ್ನೆ ಬೇರಿಂಗ್ ಬದಲಾಯಿಸಿಬಿಡುತ್ತಾರೆ. ಪತ್ತೆ ಮಾಡುವ ದಾರಿ ಸುಲಭ. ಟೈರ್‌ಗಳ ದಿಕ್ಕಿನ ಬಾಣ ಅಡ್ಡ ಬರದಿದ್ದರೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ. ಸದ್ದಿನ ಜಾಗ ಟೈರ್ ಜೊತೆ ಹೋದರೆ ಟೈರಿನದೇ ತಪ್ಪು. ಅದರ ಹಿಂದಿನ ಕಾರಣ ವೀಲ್ ಅಲೈನ್‌ಮೆಂಟೋ ಸೋತ ಶಾಕ್ ಅಬ್ಸಾರ್ಬರೋ ಇರಬಹುದು. ಅದನ್ನು ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಹೀಗೇ ಆಗುತ್ತದೆ.

ಟೈರಿನ ವಯಸ್ಸು ಪಕ್ಕೆಯಲ್ಲಿರುವ ಡಿಒಟಿ ಗುರುತಿನ ಕೊನೆಯ ನಾಲ್ಕು ಅಂಕಿಗಳಲ್ಲಿದೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ರಬ್ಬರ್ ಹಳತಾದಂತೆ ಗಟ್ಟಿಯಾಗುತ್ತದೆ, ಸದ್ದೂ ಏರುತ್ತದೆ.

ಹೊಸ ಟೈರ್ ಕೊಳ್ಳುವಾಗ ನೋಡಬೇಕಾದದ್ದು ಇಷ್ಟು. ಕಂಪನಿ ಹೇಳಿದ ಅಳತೆಗಿಂತ ಅಗಲದ ಟೈರ್ ಬೇಡ, ಅಗಲ ಹೆಚ್ಚಿದಷ್ಟೂ ಸಾಮಾನ್ಯವಾಗಿ ಸದ್ದು ಹೆಚ್ಚು. ದೊಡ್ಡ ಅಲಾಯ್ ಹಾಕಿ ಪಕ್ಕೆ ಗಿಡ್ಡ ಮಾಡಿದರೆ ಕುಲುಕನ್ನು ಹೀರುವ ಜಾಗವೇ ಕಡಿಮೆಯಾಗುತ್ತದೆ. ಪಂಕ್ಚರ್ ಆದರೂ ಓಡುವ ರನ್‌ಫ್ಲ್ಯಾಟ್ ಟೈರ್‌ಗಳ ಪಕ್ಕೆ ಗಟ್ಟಿ. ಕಾಡುದಾರಿಗೆಂದು ಮಾಡಿದ ದೊಡ್ಡ ಗಡ್ಡೆಗಳ ಟೈರ್ ಹೈವೇಯಲ್ಲಿ ಮೊರೆಯುತ್ತದೆ. ಯುರೋಪಿನ ಟೈರ್ ಲೇಬಲ್‌ನಲ್ಲಿ ಡೆಸಿಬೆಲ್ ಸಂಖ್ಯೆಯೂ ಎ, ಬಿ, ಸಿ ಎಂಬ ದರ್ಜೆಯೂ ಇರುತ್ತವೆ. ಅದು ಕಾರಿನ ಹೊರಗೆ ಅಳೆದ ಸದ್ದು. ಒಳಗೆ ಎಷ್ಟು ಕೇಳುತ್ತದೆ ಎಂಬುದಕ್ಕೆ ಅದೊಂದೇ ಸಾಕ್ಷಿ ಆಗಲಾರದು. ನಿಮ್ಮದೇ ಮಾಡೆಲ್ ಕಾರಿಗೆ ಅದೇ ಟೈರ್ ಹಾಕಿಸಿದವರ ಅನುಭವ ಕೇಳಿ.

ಟೈರಿನೊಳಗಿನ ಗಾಳಿಯೂ ಒಂದು ಬಳೆಯಂತೆ ಶ್ರುತಿ ಹಿಡಿಯುತ್ತದೆ. ಸುಮಾರು 200ರಿಂದ 250 ಹರ್ಟ್ಜ್. ಹೈವೇಯ ಸೇತುವೆ ಸಂದು ದಾಟುವಾಗ ಚೆಂಡು ಪುಟಿದಂತೆ ಟೊಂಯ್ ಎಂದು ಕೇಳುವುದು ಅದೇ. ಒಳಗೆ ಫೋಮ್ ಪಟ್ಟಿ ಅಂಟಿಸಿ ಬರುವ ಟೈರ್‌ಗಳು ಈ ಸದ್ದನ್ನು ಚೆನ್ನಾಗಿ ಇಳಿಸುತ್ತವೆ. ಎಂಜಿನ್ ಸದ್ದಿನ ಮರೆ ಇಲ್ಲದ ಎಲೆಕ್ಟ್ರಿಕ್ ಕಾರುಗಳಲ್ಲಿ ಇದು ಎದ್ದು ಕೇಳುವುದರಿಂದ ಅವುಗಳಲ್ಲಿ ಇಂಥ ಟೈರ್ ಹೆಚ್ಚು ಕಾಣುತ್ತವೆ.

ಹಂತ 5: ಲಿಫ್ಟ್ ಮೇಲೆ ಹತ್ತಿಸಿ ನೋಡುವುದು

ಒಳ್ಳೆಯ ಮೆಕ್ಯಾನಿಕ್ ಜೊತೆ ನಿಂತು ನೀವೂ ನೋಡಿ. ಚಕ್ರ ತಿರುಗಿಸಿ ಸ್ಪ್ರಿಂಗ್ ಮೇಲೆ ಕೈ ಇಟ್ಟರೆ ಹಾಳಾದ ಬೇರಿಂಗಿನ ಗರಗರ ಕೈಗೆ ಗೊತ್ತಾಗುತ್ತದೆ. ಸೈಲೆನ್ಸರ್ ತೂಗುಹಾಕಿದ ರಬ್ಬರ್‌ಗಳು ಹರಿದಿವೆಯೇ, ಕಲ್ಲಾಗಿವೆಯೇ ನೋಡಿ. ಪೈಪ್ ಎಲ್ಲಾದರೂ ಬಾಡಿಗೆ ತಾಗುತ್ತಿದ್ದರೆ ಅಲ್ಲಿ ಉಜ್ಜಿದ ಹೊಳಪು ಕಾಣುತ್ತದೆ. ಅಷ್ಟು ಸಣ್ಣ ಜಾಗ ತಾಗಿದರೂ ಎಂಜಿನ್ನಿನ ಅದುರುವಿಕೆ ನೇರವಾಗಿ ನೆಲದ ತಗಡಿಗೆ ಹೋಗುತ್ತದೆ. ಪೈಪಿನ ಮೇಲಿನ ತೆಳು ಶಾಖ ತಡೆ ತಗಡು ಸಡಿಲವಾಗಿದ್ದರೆ ಒಂದು ಆರ್‌ಪಿಎಂನಲ್ಲಿ ಝರಝರ ಎನ್ನುತ್ತದೆ.

ಎಂಜಿನ್ ಮೌಂಟಿಂಗ್ ಸೋತಿದ್ದರೆ ಐಡಲಿಂಗ್‌ನಲ್ಲೇ ಸ್ಟೀರಿಂಗ್, ಸೀಟು ಅದುರುತ್ತವೆ. ಒಳಗೆ ದ್ರವ ತುಂಬಿದ ಬಗೆಯದಾದರೆ ಸೋರಿದ ಕಲೆ ಕಾಣಬಹುದು. ಬದಲಿಸುವಾಗ ಕಂಪನಿಯದೇ ಹಾಕಿ. ಗಟ್ಟಿ ರಬ್ಬರಿನ ಅಗ್ಗದ ಮೌಂಟಿಂಗ್ ಹಾಕಿದರೆ ಕೆಲಸ ಹೊಸದು, ಗುಂಗುಡುವಿಕೆ ಇನ್ನೂ ಜಾಸ್ತಿ. ಸಸ್ಪೆನ್ಷನ್ ಬುಷ್‌ಗಳಿಗೂ (ಕೀಲುಗಳ ರಬ್ಬರ್ ಮೆತ್ತೆ) ಇದೇ ಮಾತು. ಓಡಿಸಲು ಚುರುಕಾಗಿರಲಿ ಎಂದು ಪಾಲಿಯುರೆಥೇನ್ ಬುಷ್ ಹಾಕಿಸಿದರೆ ರಸ್ತೆಯ ಸದ್ದು ಏರುತ್ತದೆ ಎಂಬುದನ್ನು ಮೊದಲೇ ತಿಳಿದಿರಿ.

ಹಂತ 6: ಈಗ ಶೀಟ್

ಇಲ್ಲಿ ನಾಲ್ಕು ಬಗೆಯ ಸಾಮಾನು ಇದೆ. ನಾಲ್ಕರ ಕೆಲಸವೂ ಬೇರೆ. ಅಂಗಡಿಯಲ್ಲಿ ಎಲ್ಲವನ್ನೂ ಸೌಂಡ್‌ಪ್ರೂಫಿಂಗ್ ಎಂದೇ ಮಾರುತ್ತಾರೆ.

ಡ್ಯಾಂಪಿಂಗ್ ಶೀಟ್ ಎಂದರೆ ಬ್ಯೂಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ. ಸ್ಟೀಲ್ ತಟ್ಟೆಗೆ ಬಡಿದಾಗ ಠಣ್ ಎನ್ನುತ್ತದೆ, ಅದಕ್ಕೆ ಬೆರಳು ತಾಗಿಸಿದರೆ ಸದ್ದು ತಟ್ಟನೆ ನಿಲ್ಲುತ್ತದೆ ಅಲ್ವಾ? ಶೀಟ್ ಮಾಡುವುದು ಆ ಬೆರಳಿನ ಕೆಲಸ. ತಗಡು ಬಾಗುವಾಗ ರಬ್ಬರ್ ಪದರ ಅಲ್ಯೂಮಿನಿಯಂ ಮತ್ತು ತಗಡಿನ ನಡುವೆ ಎಳೆದಾಡಿ ಅದುರುವಿಕೆಯನ್ನು ಶಾಖವಾಗಿ ಕರಗಿಸುತ್ತದೆ. ಅದಕ್ಕೆ ತಗಡಿನ ಇಂಚಿಂಚೂ ಮುಚ್ಚಬೇಕಿಲ್ಲ. ಬಯಲಾಗಿರುವ ಭಾಗದ ನಡುವೆ ಕಾಲು ಭಾಗದಿಂದ ಅರ್ಧದವರೆಗೆ ಹಾಕಿದರೆ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ. ಏಣು ಒತ್ತಿದ ಭಾಗ, ಅಂಚು, ಮೂಲೆಗಳು ಮೊದಲೇ ಗಟ್ಟಿ ಇರುತ್ತವೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಠಣಠಣ ಎನ್ನುವ ಕಡೆ ಹಾಕಿ, ಮತ್ತೆ ತಟ್ಟಿ. ಸದ್ದು ಸತ್ತರೆ ಸಾಕು, ಮುಂದಕ್ಕೆ ಹೋಗಿ. ಡಾಂಬರಿನಂಥ ಬಿಟುಮಿನ್ ಶೀಟ್ ಅಗ್ಗ. ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ, ವಾಸನೆ ಬರುತ್ತದೆ. ಚಾವಣಿಗೆ ಅದನ್ನು ಹಾಕಲೇಬೇಡಿ.

ಎರಡನೆಯದು ಭಾರದ ವಿನೈಲ್ ಹಾಳೆ. ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವುದು ಹೆಚ್ಚು ಬಳಕೆಯಲ್ಲಿದೆ. ಗಾಳಿಯಲ್ಲಿ ಬರುವ ಸದ್ದಿಗೆ ಅಡ್ಡಗೋಡೆ ಇದು. ಗೋಡೆಯ ತೂಕ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ. 0.7 ಮಿಲಿಮೀಟರ್ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು ಐದೂವರೆ ಕಿಲೋ. ಅದರ ಮೇಲೆ ಈ ಹಾಳೆ ಹಾಸಿದರೆ ತೂಕ ಹೆಚ್ಚುಕಡಿಮೆ ಎರಡರಷ್ಟಾಯಿತು. ಡ್ಯಾಂಪಿಂಗ್ ಶೀಟಿಗೆ ತದ್ವಿರುದ್ಧವಾಗಿ ಇದು ಎಲ್ಲೂ ಸಂದು ಬಿಡದೆ ಪೂರ್ತಿ ಮುಚ್ಚಬೇಕು.

ಮೂರನೆಯದು ಕ್ಲೋಸ್ಡ್ ಸೆಲ್ ಫೋಮ್. ನೀರು ಹೀರುವುದಿಲ್ಲ. ವಿನೈಲ್ ಹಾಳೆ ತಗಡಿಗೆ ನೇರವಾಗಿ ತಾಗದಂತೆ ನಡುವೆ ಮೆತ್ತೆಯಾಗಿ, ಪ್ಲಾಸ್ಟಿಕ್ ಪ್ಯಾನೆಲ್‌ಗಳು ಕಟಕಟ ಎನ್ನದಂತೆ ತಡೆಯಾಗಿ ಒಳ್ಳೆಯದು. ಸದ್ದನ್ನು ಹೀರಿಕೊಳ್ಳುವ ಶಕ್ತಿ ಇದಕ್ಕೆ ಕಡಿಮೆ. ಹೀರುವ ಕೆಲಸ ನಾಲ್ಕನೆಯದರದು, ಅಂದರೆ ಫೆಲ್ಟ್ ಅಥವಾ ಪಾಲಿಯೆಸ್ಟರ್ ನಾರಿನ ಹಾಸು. ನೀರು ಬರುವ ಜಾಗಕ್ಕೆ ನೀರು ಹಿಡಿಯದ ಬಗೆಯ ನಾರನ್ನೇ ಆರಿಸಿ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು. ಬ್ಯಾಟರಿ ಜೋಡಿಸಿರುವಾಗ ಅವನ್ನು ಕೀಳಬೇಡಿ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಬೇಡಿ. ತಗಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಶೀಟ್ ಅಂಟಿಸಿದ ಮೇಲೆ ಕೈ ರೋಲರ್‌ನಿಂದ ಗಟ್ಟಿಯಾಗಿ ಒತ್ತಿ, ಅಲ್ಯೂಮಿನಿಯಂ ಮೇಲಿನ ಅಚ್ಚಿನ ಗೆರೆಗಳು ಮಾಸಬೇಕು. ಒಳಗೆ ಗಾಳಿ ಗುಳ್ಳೆ ಉಳಿದರೆ ಆ ಜಾಗದಲ್ಲಿ ಶೀಟ್ ಕೆಲಸ ಮಾಡುವುದಿಲ್ಲ. ಅಲ್ಯೂಮಿನಿಯಂ ಅಂಚು ಕೈ ಕೊಯ್ಯುತ್ತದೆ, ಗ್ಲೌಸ್ ಹಾಕಿ.

ಎಲ್ಲಿಂದ ಶುರು ಮಾಡಬೇಕು? ನನ್ನ ಆಯ್ಕೆ ಹಿಂದಿನ ಚಕ್ರದ ಉಬ್ಬುಗಳು ಮತ್ತು ಸ್ಟೆಪ್ನಿ ಗುಂಡಿ. ಹೆಚ್ಚಿನ ಕಾರುಗಳಲ್ಲಿ ಕಂಪನಿ ಕೈ ಬಿಗಿ ಹಿಡಿಯುವುದು ಇಲ್ಲೇ. ಡಿಕ್ಕಿಯ ಪ್ಯಾನೆಲ್ ಬಿಚ್ಚುವುದೂ ಸುಲಭ. ಉಬ್ಬಿನ ಮೇಲೆ ಡ್ಯಾಂಪಿಂಗ್ ಶೀಟ್, ಅದರ ಮೇಲೆ ತೆಳು ಫೋಮ್, ಆಮೇಲೆ ವಿನೈಲ್. ಬದಿಯ ಪ್ಲಾಸ್ಟಿಕ್ ಪ್ಯಾನೆಲ್‌ಗಳ ಹಿಂದಿನ ಪೊಳ್ಳಿಗೆ ನಾರಿನ ಹಾಸು. ಬಂಪರಿನ ಹಿಂದೆ ಕ್ಯಾಬಿನ್ ಗಾಳಿ ಹೊರಹೋಗುವ ಜಾಲರಿ ಇರುತ್ತದೆ. ಅದನ್ನು ಮುಚ್ಚಿದರೆ ಗಾಜು ಮಂಜಾಗುತ್ತದೆ, ಬಾಗಿಲು ಮುಚ್ಚುವಾಗ ಕಿವಿಗೆ ಒತ್ತುತ್ತದೆ.

ಹೊರಗಡೆ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ, ಅದರ ಹಿಂಬದಿಗೆ ಡ್ಯಾಂಪಿಂಗ್ ಶೀಟ್ ಹಾಕಿದರೆ ಕಲ್ಲು, ನೀರು ಬಡಿಯುವ ಸದ್ದು ಇಳಿಯುತ್ತದೆ. ಚಕ್ರ ಪೂರ್ತಿ ತಿರುಗಿಸಿದಾಗ ತಾಗದಂತೆ ನೋಡಿಕೊಳ್ಳಿ.

ಆಮೇಲೆ ನೆಲ. ಸೀಟು, ಕಾರ್ಪೆಟ್ ಎತ್ತಬೇಕಾದ ದೊಡ್ಡ ಕೆಲಸ. ಮುಂದಿನ ಕಾಲಿನ ಜಾಗದಲ್ಲಿ ಗೋಡೆ ಏರುವ ಭಾಗಕ್ಕೆ ಹೆಚ್ಚು ಗಮನ ಕೊಡಿ. ಪೆಡಲ್ ಓಡಾಡುವ ಜಾಗಕ್ಕೆ ದಪ್ಪ ಬರಬಾರದು. ಸೀಟಿನ ಬೋಲ್ಟ್‌ಗಳನ್ನು ಮ್ಯಾನ್ಯುವಲ್‌ನಲ್ಲಿ ಹೇಳಿದ ಟಾರ್ಕ್‌ಗೇ ಬಿಗಿ ಮಾಡಿ.

ಬಾಗಿಲಿನಲ್ಲಿ ಹೊರ ತಗಡಿಗೆ ಶೀಟ್ ಹಾಕಿ, ಕೆಳಗಿನ ನೀರು ಹರಿಯುವ ತೂತುಗಳನ್ನು ಬಿಟ್ಟುಬಿಡಿ. ಮುಚ್ಚಿದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನೀರು ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ವಾಪಸ್ ಅಂಟಿಸಿ. ಕೆಲವು ಕಾರುಗಳ ಬಾಗಿಲಿನೊಳಗೆ ಅಪಘಾತವನ್ನು ಗಾಳಿಯ ಒತ್ತಡದಿಂದ ಗುರುತಿಸುವ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಬಾಗಿಲಿನ ಒಳ ತೂತುಗಳನ್ನು ನಿಮ್ಮಿಷ್ಟದಂತೆ ಮುಚ್ಚಬಾರದು.

ಚಾವಣಿ ಮಳೆ ಸದ್ದಿಗೂ ಗುಂಗುಡುವಿಕೆಗೂ ತುಂಬಾ ಒಳ್ಳೆಯ ಜಾಗ. ಆದರೆ ರೂಫ್ ಲೈನರ್ ಇಳಿಸುವುದು ನಾಜೂಕಿನ ಕೆಲಸ, ಬಾಗಿದರೆ ಗೆರೆ ಉಳಿಯುತ್ತದೆ. ಬದಿಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಇರುತ್ತದೆ, ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಏನನ್ನೂ ಅಂಟಿಸಬಾರದು. ಮಾಡಿ ಅಭ್ಯಾಸವಿಲ್ಲದವರು ಇದನ್ನು ತಿಳಿದವರಿಗೇ ಬಿಡುವುದು ಒಳ್ಳೆಯದು.

ಪ್ರತಿ ಭಾಗ ಮುಗಿದ ಮೇಲೆ ಅದೇ ರಸ್ತೆಯಲ್ಲಿ ಓಡಿಸಿ ಕೇಳಿ. ಸಾಕು ಅನ್ನಿಸಿದಲ್ಲಿ ನಿಲ್ಲಿಸಿ. 2 ಮಿಲಿಮೀಟರ್ ಬ್ಯೂಟೈಲ್ ಶೀಟ್ ಚದರ ಮೀಟರಿಗೆ 3 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಇಡೀ ಕಾರಿಗೆ ಹಾಕಿದರೆ ಆ ಭಾರವನ್ನು ಎಂಜಿನ್ ದಿನವೂ ಹೊರಬೇಕು.

ಗಾಳಿಯ ಸದ್ದಿದ್ದರೆ

ವೇಗ ಎರಡರಷ್ಟಾದರೆ ಗಾಳಿಯ ಸದ್ದು ಸುಮಾರು 18 ಡೆಸಿಬೆಲ್ ಏರುತ್ತದೆ. ಹಾಗಾಗಿ 100 ಕಿಲೋಮೀಟರ್ ದಾಟಿದ ಮೇಲೆ ಇದೇ ಮುಂದಾಗುತ್ತದೆ. ಪತ್ತೆಗೆ ಮಾಸ್ಕಿಂಗ್ ಟೇಪ್ ಸಾಕು. ಬಾಗಿಲಿನ ಸಂದು, ಕನ್ನಡಿಯ ಬುಡ, ಗಾಜಿನ ಅಂಚುಗಳಿಗೆ ಹೊರಗಿನಿಂದ ಟೇಪ್ ಹಚ್ಚಿ ಓಡಿಸಿ. ಆಮೇಲೆ ಒಂದೊಂದೇ ಟೇಪ್ ಕಿತ್ತು ಓಡಿಸುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಸುಯ್ ಎನ್ನುವುದು ವಾಪಸ್ ಬಂತೋ ಅಲ್ಲಿನ ಬೀಡಿಂಗ್ ನೋಡಿ. ಕೊಳೆ ತೊಳೆದು ಸಿಲಿಕೋನ್ ಗ್ರೀಸ್ ಸವರಿದರೆ ರಬ್ಬರ್ ಮೆತ್ತಗಾಗಬಹುದು. ಚಪ್ಪಟೆಯಾಗಿದ್ದರೆ ಬದಲಿಸಿ. ಹಿಂದಿನ ಒಂದೇ ಕಿಟಕಿ ಇಳಿಸಿದಾಗ ಬರುವ ವುಬ್ ವುಬ್ ಬಡಿತಕ್ಕೆ ರಿಪೇರಿ ಬೇಕಿಲ್ಲ. ಇನ್ನೊಂದು ಕಿಟಕಿಯನ್ನು ಸ್ವಲ್ಪ ಇಳಿಸಿದರೆ ನಿಲ್ಲುತ್ತದೆ.

ಆಕ್ಟಿವ್ ನಾಯ್ಸ್ ಕಂಟ್ರೋಲ್ ಇರುವ ಕಾರಿನಲ್ಲಿ

ಕೆಲವು ಕಾರುಗಳಲ್ಲಿ ಚಾವಣಿಯ ಮೈಕ್‌ಗಳು ಗುಂಗುಡುವ ಸದ್ದನ್ನು ಕೇಳಿಸಿಕೊಂಡು, ಸ್ಪೀಕರ್‌ಗಳು ಅದಕ್ಕೆ ಎದುರಾದ ಸದ್ದನ್ನು ಹೊರಡಿಸಿ ಅದನ್ನು ಅಳಿಸುತ್ತವೆ. ನಿಮ್ಮ ಕಾರಿನಲ್ಲಿ ಇದಿದ್ದರೆ ಎರಡು ವಿಷಯ ಗಮನದಲ್ಲಿರಲಿ. ಮೈಕ್‌ನ ಸಣ್ಣ ತೂತುಗಳನ್ನು ಶೀಟಿನಿಂದಾಗಲಿ ಸೀಲಿಂಗ್ ಬಟ್ಟೆಯಿಂದಾಗಲಿ ಮುಚ್ಚಬೇಡಿ. ಹೊರಗಿನ ಸಬ್‌ವೂಫರ್ ಅಥವಾ ಆಂಪ್ಲಿಫೈಯರ್ ಹಾಕಿಸಿದ ಮೇಲೆಯೇ ಗುಂಗುಡುವಿಕೆ ಶುರುವಾಗಿದ್ದರೆ ಈ ವ್ಯವಸ್ಥೆಯನ್ನೇ ಮೊದಲು ನೋಡಿ. ಹೊಸ ಸ್ಪೀಕರ್‌ನ ಬೇಸನ್ನು ಅದು ಎಂಜಿನ್ ಸದ್ದೆಂದು ತಿಳಿದು, ಅಳಿಸಲು ಹೋಗಿ ತಾನೇ ಗುಂ ಎನ್ನಿಸಬಹುದು. ಆಡಿಯೋ ಕೆಲಸ ಮಾಡಿದವರಿಗೆ ಇದನ್ನು ಹೇಳಿ, ಆ ವ್ಯವಸ್ಥೆಯ ಕನೆಕ್ಟರ್ ಎಲ್ಲಿದೆ ಎಂದು ಗೊತ್ತುಮಾಡಿಕೊಂಡು, ತಾತ್ಕಾಲಿಕವಾಗಿ ಬಿಡಿಸಿ ಒಮ್ಮೆ ಓಡಿಸಿ ನೋಡಿ. ಸದ್ದು ನಿಂತರೆ ಬಾಡಿಯ ಒಂದು ಪ್ಯಾನೆಲ್ಲನ್ನೂ ಬಿಚ್ಚಬೇಕಾಗಿಲ್ಲ.